ಹೆಸರು ಹೇಳದೆ ಹೊರಟ ಹಿರಿಯರಿಗೆ ಧನ್ಯವಾದಗಳು
ಕಾಡುದಾರಿಯ ಸವಾರಿಗೆ ನಮ್ಮ ಕುದುರೆಯನ್ನು, ಅದು ಹೆದರುವ ವಸ್ತುಗಳಿಗೆ ಒಗ್ಗಿಸಿ ಅಣಿಗೊಳಿಸುತ್ತಿದ್ದಾಗ ತಾವಾಗಿಯೇ ಬಂದು ನೆರವಾದ, ಹೆಸರನ್ನೂ ಹೇಳದೆ ಹೊರಟುಹೋದ ಹಿರಿಯರಿಗೆ ಹೃತ್ಪೂರ್ವಕ ಧನ್ಯವಾದಗಳು.

ಗಾಳಿಗೆ ಪಟಪಟ ಬಡಿಯುವ ಟಾರ್ಪಾಲನ್ನು ಕಂಡೊಡನೆ ಮೂಗಿನ ಹೊಳ್ಳೆ ಅರಳಿಸಿ ಹಿಂದೆ ಸರಿಯುತ್ತಿದ್ದ ಕುದುರೆಯನ್ನು ತಾವು ಒತ್ತಾಯಿಸಲಿಲ್ಲ. ಅದು ನೋಡಿಯೂ ನಿಲ್ಲಬಲ್ಲಷ್ಟು ದೂರದಲ್ಲಿ ಕಾದು, ಅದು ತಲೆ ತಗ್ಗಿಸಿ, ಬಾಯಿ ಚಪ್ಪರಿಸಿ, ನೀಳವಾಗಿ ಉಸಿರುಬಿಟ್ಟ ಕ್ಷಣದಲ್ಲೇ ಟಾರ್ಪಾಲನ್ನು ಆಚೆ ಸರಿಸಿದಿರಿ. ಕುದುರೆ ಹೆದರಿ ಜಗ್ಗುತ್ತಿರುವಾಗಲೇ ಸರಿಸಿದರೆ, ಜಗ್ಗಿದರೆ ಭಯ ತೊಲಗುತ್ತದೆಂಬುದನ್ನೇ ಅದು ಕಲಿಯುತ್ತದೆ ಎಂಬ ತಮ್ಮ ವಿವರಣೆಯನ್ನು ನಾನು ಎಲ್ಲಕ್ಕಿಂತ ಮಿಗಿಲಾದುದೆಂದು ಭಾವಿಸುತ್ತೇನೆ. ಎಡಗಡೆಯಿಂದ ಒಗ್ಗಿದ ಕೊಡೆಯನ್ನು ಬಲಗಡೆಯಿಂದಲೂ ಹೊಸದಾಗಿ ತೋರಿಸಬೇಕೆಂದು (ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವ ಪ್ರಾಣಿಗೆ ಇದು ಎಷ್ಟು ಅಗತ್ಯ!) ತಿಳಿಸಿದವರೂ ತಾವೇ. ಈಗ ಹಿಂದಿನಿಂದ ಸೈಕಲ್ ಗಂಟೆ ಕೇಳಿದರೆ ಅದು ಒಂದು ಕಿವಿಯನ್ನಷ್ಟೇ ಹೊರಳಿಸಿ, ಲಗಾಮು ಸಡಿಲವಾಗಿದ್ದಂತೆಯೇ ಮುಂದೆ ನಡೆಯುತ್ತದೆ. ಅದಕ್ಕಾಗಿ ತಮಗೆ ಋಣಿ.