ನಮ್ಮ ಗ್ರಾಹಕರಿಗೆ: ದೂರು ಮತ್ತು ಬುಕಿಂಗ್ ಕುರಿತು ಎರಡು ಬದಲಾವಣೆಗಳು

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಟ್ಯಾಕ್ಸಿ ಸಹಕಾರಿಯಲ್ಲಿ ಎರಡು ಬದಲಾವಣೆಗಳು ಜಾರಿಗೆ ಬರುತ್ತವೆ. ಚಾಲಕರ ನಡತೆ ಅಥವಾ ಚಾಲನೆಯ ಬಗ್ಗೆ ನೀವು ಹೇಳುವ ಪ್ರತಿಯೊಂದು ದೂರನ್ನೂ ಬರಹದಲ್ಲಿ ಕೌನ್ಸಿಲ್‌ನ (ಇಲ್ಲಿನ ಸ್ಥಳೀಯ ಆಡಳಿತ ಸಂಸ್ಥೆಯ) ಪರವಾನಗಿ ವಿಭಾಗಕ್ಕೆ ಕಳುಹಿಸುತ್ತೇವೆ. ಹಾಗೆಯೇ, ನಮ್ಮಲ್ಲಿ ಮಾಡಿದ ಬುಕಿಂಗನ್ನು ಬೇರೆ ಊರಿನ ಕಂಪನಿಗೆ ದಾಟಿಸುವುದನ್ನು ನಿಲ್ಲಿಸುತ್ತೇವೆ. ಇದರಿಂದ ನಿಮಗೆ ಸ್ವಲ್ಪ ತೊಂದರೆಯೂ ಆಗುತ್ತದೆ. ಕಾರಣವನ್ನು ಪೂರ್ತಿಯಾಗಿ ಹೇಳುವುದು ನಮ್ಮ ಕರ್ತವ್ಯ.

ಕಳೆದ ಕೆಲವು ವಾರಗಳಿಂದ ನಿಮ್ಮಲ್ಲಿ ಹಲವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದೀರಿ. ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಬೆಂಗಳೂರಿನ ವಿಮಾನ ಇಳಿದಾಗ ಕನ್ನಡದಲ್ಲಿ ಹೆಸರು ಬರೆದ ಫಲಕ ಹಿಡಿದು ನಿಲ್ಲುತ್ತಿದ್ದ, ಹಗ್ಗ ಬಿಗಿದ ಹಪ್ಪಳದ ಪೆಟ್ಟಿಗೆಯನ್ನು ತಾವೇ ಎತ್ತಿ ಡಿಕ್ಕಿಯಲ್ಲಿಡುತ್ತಿದ್ದ ಆ ಚಾಲಕರು ಈಗ ಏಕೆ ಬರುತ್ತಿಲ್ಲ ಎಂದು. ಕೌನ್ಸಿಲ್ ಅವರ ಪರವಾನಗಿಯನ್ನು ರದ್ದು ಮಾಡಿದೆ. ಆದೇಶ ಅಂದಿನಿಂದಲೇ ಜಾರಿಗೆ ಬಂತು. 21 ದಿನಗಳ ಗಡುವಿನೊಳಗೆ ಅವರು ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿದರು. ನ್ಯಾಯಾಲಯ ಕೌನ್ಸಿಲ್‌ನ ತೀರ್ಮಾನವನ್ನೇ ಎತ್ತಿ ಹಿಡಿಯಿತು. ಅವರ ಹೆಸರನ್ನಾಗಲಿ, ದೂರು ಕೊಟ್ಟವರ ವಿವರವನ್ನಾಗಲಿ ಇಲ್ಲಿ ಬರೆಯುವುದಿಲ್ಲ.

"ಅವರ ಮೇಲೆ ಕೇಸೇ ಇಲ್ಲವಲ್ಲ, ಶಿಕ್ಷೆ ಏಕೆ?" ಎಂದು ಕೇಳಿದವರಿದ್ದಾರೆ. ನಾವೂ ಮೊದಲು ಹಾಗೆಯೇ ಕೇಳಿದೆವು. ನಮ್ಮೂರಿನಲ್ಲಿ ಚಾಲಕರ ಬ್ಯಾಡ್ಜ್ ಎಂದರೆ ಆರ್‌ಟಿಓ ಕಚೇರಿ ನೆನಪಾಗುತ್ತದೆ. ಇಂಗ್ಲೆಂಡಿನಲ್ಲಿ ಕಾರು ಓಡಿಸುವ ಲೈಸೆನ್ಸ್ ಕೊಡುವುದು ಡಿವಿಎಲ್‌ಎ ಎಂಬ ಸರ್ಕಾರಿ ಸಂಸ್ಥೆ. ಆದರೆ ಬಾಡಿಗೆಗೆ ಜನರನ್ನು ಕರೆದೊಯ್ಯಲು ಬೇಕಾದ ಬ್ಯಾಡ್ಜ್, ಅಂದರೆ ಪರವಾನಗಿ, ಕೊಡುವುದು, ಲಂಡನ್ ನಗರವೊಂದನ್ನು ಬಿಟ್ಟರೆ, ಸ್ಥಳೀಯ ಕೌನ್ಸಿಲ್. 1976ರ ಸ್ಥಳೀಯಾಡಳಿತ ಕಾಯ್ದೆಯ ಪ್ರಕಾರ, ಅರ್ಜಿದಾರರು 'ಅರ್ಹ ಮತ್ತು ಯೋಗ್ಯ' ವ್ಯಕ್ತಿ ಎಂದು ಮನವರಿಕೆಯಾಗದೆ ಕೌನ್ಸಿಲ್ ಬ್ಯಾಡ್ಜ್ ಕೊಡುವಂತಿಲ್ಲ. ಈ ಎರಡು ಪದಗಳ ಅರ್ಥವನ್ನು ಕಾಯ್ದೆ ಬಿಡಿಸಿ ಹೇಳಿಲ್ಲ. 2020ರ ಜುಲೈನಲ್ಲಿ ಸರ್ಕಾರ ಹೊರಡಿಸಿದ ಮಾನದಂಡಗಳು ಅದನ್ನು ಒಂದು ಪ್ರಶ್ನೆಯ ರೂಪದಲ್ಲಿ ಕೌನ್ಸಿಲ್‌ಗಳ ಮುಂದಿಡುತ್ತವೆ. ಅದರ ಸಾರ ಇಷ್ಟು: ನಿಮಗೆ ಬೇಕಾದವರೊಬ್ಬರನ್ನು, ಅವರು ಯಾವ ಸ್ಥಿತಿಯಲ್ಲೇ ಇರಲಿ, ಹಗಲಾಗಲಿ ರಾತ್ರಿಯಾಗಲಿ, ಒಂಟಿಯಾಗಿ ಈ ವ್ಯಕ್ತಿಯ ಕಾರಿನಲ್ಲಿ ಕಳುಹಿಸುತ್ತೀರಾ?

ಕಳುಹಿಸುವುದಿಲ್ಲ ಎನ್ನುವ ಕಡೆಗೆ ತಕ್ಕಡಿ ವಾಲಿದರೆ ಬ್ಯಾಡ್ಜ್ ಇಲ್ಲ. ಎರಡೂ ತಟ್ಟೆ ಸಮನಾಗಿ ನಿಂತರೂ ಇಲ್ಲ. ಕ್ರಿಮಿನಲ್ ನ್ಯಾಯಾಲಯದಲ್ಲಿ ಸಂಶಯದ ಲಾಭ ಆರೋಪಿಗೆ ಸಿಗುತ್ತದೆ. ಇಲ್ಲಿ ಅದು ಪ್ರಯಾಣಿಕರಿಗೆ ಸಿಗುತ್ತದೆ. ಶಿಕ್ಷೆ ವಿಧಿಸುವುದು ಕೌನ್ಸಿಲ್‌ನ ಕೆಲಸವಲ್ಲ. ಹಿಂದಿನ ಸೀಟಿನಲ್ಲಿ ಕೂರುವವರನ್ನು ಕಾಯುವುದು ಅದರ ಕೆಲಸ.

ಈ ಬಿಗಿಯ ಹಿಂದೆ ದೊಡ್ಡ ನೋವಿದೆ. ಇಂಗ್ಲೆಂಡಿನ ರಾದರ್‌ಹ್ಯಾಮ್ ಪಟ್ಟಣದಲ್ಲಿ 1997ರಿಂದ 2013ರವರೆಗೆ ಕನಿಷ್ಠ 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾದರೆಂದು 2014ರಲ್ಲಿ, ಅಲ್ಲಿ ತನಿಖೆ ನಡೆಸಿದ ಅಲೆಕ್ಸಿಸ್ ಜೇ ಅವರ ವರದಿ ಅಂದಾಜು ಮಾಡಿತು. ಅದರಲ್ಲಿ ಕೆಲವು ಟ್ಯಾಕ್ಸಿ ಚಾಲಕರ ಪಾತ್ರವನ್ನೂ ವರದಿ ಎತ್ತಿ ತೋರಿಸಿತು. ಎಚ್ಚರಿಕೆಯ ಮಾತುಗಳು ಮೊದಲೇ ಬಂದಿದ್ದವು. ಕೇಳಬೇಕಾದವರು ಕೇಳಿರಲಿಲ್ಲ.

ನಮ್ಮ ಪ್ರಕರಣ ಅಷ್ಟು ಘೋರವಾದದ್ದಲ್ಲ. ಆದರೂ ಹೇಳಲೇಬೇಕಾದ ಮಾತೊಂದಿದೆ. ರಾತ್ರಿ ಪಾಳಿ ಮುಗಿಸಿ ಒಬ್ಬರೇ ಮನೆಗೆ ಹೊರಟಿದ್ದ ಯುವತಿಯೊಬ್ಬರು ನೇರವಾಗಿ ಕೌನ್ಸಿಲ್‌ಗೆ ದೂರು ಕೊಟ್ಟರು. ಮದುವೆಯಾಗಿದೆಯೇ, ಮನೆಯಲ್ಲಿ ಯಾರಿದ್ದಾರೆ, ಫೋನ್ ನಂಬರ್ ಏನು ಎಂದು ಚಾಲಕರು ದಾರಿಯುದ್ದಕ್ಕೂ ಕೇಳಿದರು. ಮಾತು ಮುಂದುವರಿಸಲು ಸುತ್ತು ದಾರಿಯಲ್ಲಿ ಹೋದರು. ಅಧಿಕಾರಿಗಳು ನಮ್ಮ ಕಚೇರಿಗೆ ಬಂದು ದೂರಿನ ಪುಸ್ತಕ ಕೇಳಿದರು. ಬುಕಿಂಗ್ ಮೇಜಿನ ಕೆಳಗಿನ ಡ್ರಾಯರ್‌ನಿಂದ ನಾನೇ ತೆಗೆದುಕೊಟ್ಟೆ. ಅದೇ ಚಾಲಕರ ಬಗ್ಗೆ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಇಬ್ಬರು ಹೆಣ್ಣುಮಕ್ಕಳು ಹೇಳಿದ್ದ ಅದೇ ಮಾತು ಅದರಲ್ಲಿ ಎರಡು ಕಡೆ ಇತ್ತು. ಎರಡಕ್ಕೂ ಎದುರಿನ ಅಂಕಣದಲ್ಲಿ ನನ್ನ ಕೈಬರಹ: 'ಮಾತನಾಡಿದೆ. ಮುಗಿಯಿತು.'

ಮುಗಿದಿರಲಿಲ್ಲ. ಒಳ್ಳೆಯ ಮನುಷ್ಯ, ನಮ್ಮವರು, ಏನೋ ಸಲಿಗೆಯಿಂದ ಮಾತನಾಡಿದ್ದಾರೆ ಎಂದು ನಾವೇ ತೀರ್ಪು ಕೊಟ್ಟುಕೊಂಡಿದ್ದೆವು. ಮೊದಲ ದೂರು ಬಂದಾಗಲೇ ಕೌನ್ಸಿಲ್‌ಗೆ ತಿಳಿಸಿದ್ದರೆ ಬಹುಶಃ ಒಂದು ಎಚ್ಚರಿಕೆಯಲ್ಲಿ ಅವರೂ ತಿದ್ದಿಕೊಳ್ಳುತ್ತಿದ್ದರು. ಆ ಯುವತಿ ಅಷ್ಟು ಹೊತ್ತು ಕಾರಿನ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಕೂರಬೇಕಾಗುತ್ತಿರಲಿಲ್ಲ. ದೂರು ಕೊಟ್ಟ ಮೂವರಿಗೂ ನಾವು ಕ್ಷಮೆ ಕೇಳಿದ್ದೇವೆ. ಈ ಪತ್ರದಲ್ಲಿ ಎಲ್ಲರೆದುರು ಇನ್ನೊಮ್ಮೆ ಕೇಳುತ್ತೇವೆ.

ಆ ಚಾಲಕರ ಪರವಾಗಿ ಪತ್ರ ಬರೆದುಕೊಟ್ಟ ಗ್ರಾಹಕರ ಕಾಳಜಿ ನಮಗೆ ಅರ್ಥವಾಗುತ್ತದೆ. ಎರಡು ಮಕ್ಕಳು, ಮನೆ ಸಾಲ, ಕಾರಿನ ಕಂತು, ಎಲ್ಲವೂ ನಿಜ. ಆದರೆ ಚಾಲಕರ ಕುಟುಂಬದ ಕಷ್ಟವನ್ನು ಈ ತೀರ್ಮಾನದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ಲೀಡ್ಸ್ ಕೌನ್ಸಿಲ್‌ನ ಪ್ರಕರಣವೊಂದರಲ್ಲಿ ಹೈಕೋರ್ಟ್ 2002ರಲ್ಲೇ ಹೇಳಿದೆ. ಕೇಳಲು ಕಠಿಣವೆನಿಸುತ್ತದೆ. ಆ ಕಷ್ಟಕ್ಕೆ ನೆರವಾಗುವುದು ಜೊತೆಗಾರರಾದ ನಮ್ಮ ಹೊಣೆ, ಅದನ್ನು ನಾವು ಮಾಡುತ್ತಿದ್ದೇವೆ. ಅಪರಿಚಿತ ಪ್ರಯಾಣಿಕರ ಸುರಕ್ಷತೆಯಿಂದ ಅದರ ಬೆಲೆ ತೆರುವುದು ಮಾತ್ರ ಸರಿಯಲ್ಲ.

ಇನ್ನು ಬೇರೆ ಊರಿನ ಕಾರುಗಳ ವಿಷಯ. ಖಾಸಗಿ ಬಾಡಿಗೆಯಲ್ಲಿ, ಅಂದರೆ ಮೊದಲೇ ಬುಕ್ ಮಾಡಿ ಕರೆಸುವ ಕಾರುಗಳಲ್ಲಿ, ಕಂಪನಿ, ಕಾರು, ಚಾಲಕ ಮೂರಕ್ಕೂ ಒಂದೇ ಕೌನ್ಸಿಲ್‌ನ ಪರವಾನಗಿ ಇರಬೇಕು. ಆದರೆ ಬುಕಿಂಗನ್ನು ಬೇರೆ ಕೌನ್ಸಿಲ್‌ನ ವ್ಯಾಪ್ತಿಯ ಕಂಪನಿಗೆ ದಾಟಿಸಲು 2015ರಿಂದ ಅವಕಾಶವಿದೆ. ಡಿಸೆಂಬರ್ ರಜೆಯಲ್ಲಿ, ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮಂದಿರು ಬರುವ ದಿನಗಳಲ್ಲಿ ನಾವೂ ಹಾಗೆ ಮಾಡುತ್ತಿದ್ದೆವು. ಬೇರೆ ಊರಿನ ಆ ಚಾಲಕರು ಕೆಟ್ಟವರೆಂದು ಹೇಳುತ್ತಿಲ್ಲ. ಅವರ ಬ್ಯಾಡ್ಜನ್ನು ತಡೆಹಿಡಿಯುವ ಅಧಿಕಾರ ನಮ್ಮ ಕೌನ್ಸಿಲ್‌ಗೆ ಇಲ್ಲ, ಅವರ ಬಗ್ಗೆ ಹಿಂದೆ ಯಾರು ಏನು ಹೇಳಿದ್ದರು ಎಂಬುದು ನಮಗೆ ಗೊತ್ತಾಗುವುದಿಲ್ಲ. 2022ರ ಕಾಯ್ದೆ ಇದನ್ನು ಸ್ವಲ್ಪ ಸರಿಪಡಿಸಿದೆ: ಸುರಕ್ಷತೆ ಅಥವಾ ನಡತೆಯ ಕಾರಣಕ್ಕೆ ಆದ ಪರವಾನಗಿ ನಿರಾಕರಣೆ, ಅಮಾನತು, ರದ್ದತಿಗಳನ್ನು ಇಂಗ್ಲೆಂಡಿನ ಕೌನ್ಸಿಲ್‌ಗಳು ಒಂದೇ ರಾಷ್ಟ್ರೀಯ ದಾಖಲೆಯಲ್ಲಿ ನಮೂದಿಸಬೇಕು, ಹೊಸ ಅರ್ಜಿ ಬಂದಾಗ ಅದನ್ನು ನೋಡಲೇಬೇಕು. ಹಾಗಿದ್ದರೂ, ಬೇರೆ ಪ್ರದೇಶದ ಟ್ಯಾಕ್ಸಿಗಳ ಓಡಾಟವನ್ನು ನಿಲ್ಲಿಸಬೇಕೆಂದು, ಮಕ್ಕಳ ಲೈಂಗಿಕ ಶೋಷಣೆಯ ಬಗ್ಗೆ ಸರ್ಕಾರಕ್ಕಾಗಿ ಪರಿಶೀಲನೆ ನಡೆಸಿದ ಲೂಯಿಸ್ ಕೇಸಿ ಅವರು 2025ರ ಜೂನ್‌ನ ವರದಿಯಲ್ಲಿ ಸರ್ಕಾರಕ್ಕೆ ಶಿಫಾರಸು ಮಾಡಿದ್ದಾರೆ. ಕಾನೂನು ಬರುವವರೆಗೆ ಕಾಯುವುದು ಬೇಡವೆಂದು ನಾವು ತೀರ್ಮಾನಿಸಿದ್ದೇವೆ.

ಹಾಗಾಗಿ ಶುಕ್ರವಾರ, ಶನಿವಾರದ ರಾತ್ರಿ ಮತ್ತು ಹಬ್ಬದ ದಿನಗಳಲ್ಲಿ ಕೆಲವೊಮ್ಮೆ "ಕಾರು ಇಲ್ಲ" ಎಂಬ ಉತ್ತರ ನಮ್ಮಿಂದ ಬರುತ್ತದೆ. ವಿಮಾನ ನಿಲ್ದಾಣದ ಬುಕಿಂಗನ್ನು ಎರಡು ದಿನ ಮೊದಲೇ ಮಾಡಿದರೆ ಕಾರು ಖಚಿತ. ಬಾಡಿಗೆ ದರ ಬದಲಾಗಿಲ್ಲ.

ಬುಕಿಂಗ್ ಖಚಿತವಾದ ಕೂಡಲೇ ಚಾಲಕರ ಹೆಸರು, ಬ್ಯಾಡ್ಜ್ ಸಂಖ್ಯೆ, ಕಾರಿನ ನಂಬರ್ ನಿಮ್ಮ ಮೊಬೈಲ್‌ಗೆ ಬರುತ್ತವೆ. ಇಂಗ್ಲಿಷ್ ಓದಲು ಬಾರದ ಹಿರಿಯರು ಬರುವುದಿದ್ದರೆ ತಿಳಿಸಿ, ಅದೇ ಸಂದೇಶವನ್ನು ಕನ್ನಡದಲ್ಲಿ ಕಳುಹಿಸುತ್ತೇವೆ. ಬ್ಯಾಡ್ಜ್ ಕಾಣುವಂತೆ ಧರಿಸುವುದು ಚಾಲಕರ ಕಾನೂನುಬದ್ಧ ಕರ್ತವ್ಯ. ಅದರಲ್ಲಿನ ಫೋಟೋ ನೋಡಿ, ಸಂಖ್ಯೆ ಹೋಲಿಸಿ, ಆಮೇಲೆ ಕಾರು ಹತ್ತಲು ಅಮ್ಮನಿಗೆ ಹೇಳಿಕೊಡಿ. ನೋಡಿದರೆ ನಮ್ಮ ಚಾಲಕರಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಚಾಲಕರ ಡಿಬಿಎಸ್ ತಪಾಸಣೆ (ಹಿಂದಿನ ಅಪರಾಧಗಳ ದಾಖಲೆಯ ಪರಿಶೀಲನೆ) ಆರು ತಿಂಗಳಿಗೊಮ್ಮೆ ನಡೆಯುತ್ತದೆ. ಫೋನ್ ಎತ್ತುವ ನಮಗೂ ವರ್ಷಕ್ಕೊಮ್ಮೆ ತಪಾಸಣೆ ಇದೆ.

ಕಾರು ತಡವಾಯಿತು, ಒಳಗೆ ಚಳಿಯಿತ್ತು ಎಂಬಂಥವನ್ನು ನಾವೇ ಸರಿಪಡಿಸುತ್ತೇವೆ. ಮಾತು, ನಡತೆ, ಓಡಿಸುತ್ತಾ ಮೊಬೈಲ್ ಹಿಡಿಯುವುದು, ವೇಗ, ಇವುಗಳ ದೂರು ಮೂರು ಕೆಲಸದ ದಿನಗಳೊಳಗೆ ಕೌನ್ಸಿಲ್ ತಲುಪುತ್ತದೆ. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಹೆಸರನ್ನು ಅದರಲ್ಲಿ ಸೇರಿಸುವುದಿಲ್ಲ. ಕಳುಹಿಸಿದ ಪ್ರತಿ ನಿಮಗೂ ಬರುತ್ತದೆ. ನಮ್ಮನ್ನು ಬಿಟ್ಟು ನೇರವಾಗಿ ಕೌನ್ಸಿಲ್‌ಗೆ ಬರೆದರೂ ನಮ್ಮ ಅಭ್ಯಂತರವಿಲ್ಲ.

ಹಿಂದೆ ನಮಗೆ ಏನಾದರೂ ಹೇಳಿ, ಉತ್ತರ ಸಿಗದೆ ಸುಮ್ಮನಾದವರು ನಿಮ್ಮಲ್ಲಿ ಇದ್ದರೆ ದಯವಿಟ್ಟು ಇನ್ನೊಮ್ಮೆ ಹೇಳಿ. ಎಷ್ಟು ಹಳೆಯದಾದರೂ ಪರವಾಗಿಲ್ಲ. ಹೆಣ್ಣುಮಕ್ಕಳ ಜೊತೆಯಲ್ಲೇ ಮಾತನಾಡಬೇಕೆನಿಸಿದರೆ, ಪ್ರತಿ ಮಂಗಳವಾರ ಮತ್ತು ಗುರುವಾರ ಸಂಜೆ ಬುಕಿಂಗ್ ಮೇಜಿನಲ್ಲಿ ಮಹಿಳಾ ಸಹೋದ್ಯೋಗಿಯೊಬ್ಬರು ಇರುತ್ತಾರೆ. ಫೋನ್ ಸಂಖ್ಯೆ ಹಳೆಯದೇ.

ಇಂತಿ ನಿಮ್ಮ ವಿಶ್ವಾಸಿ,
ಸಹಕಾರಿಯ ಎಲ್ಲ ಸದಸ್ಯರ ಪರವಾಗಿ,
ಬುಕಿಂಗ್ ವಿಭಾಗ