ಅರವತ್ತಕ್ಕೆ ಹಾರೈಸಿದ ನಿಮಗೆಲ್ಲ, ಮತ್ತೆ ನಮ್ಮ ಕ್ಯಾಪ್ಟನ್ ಸಾಹೇಬರಿಗೆ

ಮೊನ್ನೆ ಅರವತ್ತು ತುಂಬಿತು. ಫೋನ್ ಮಾಡಿದವರು, ಮೆಸೇಜ್ ಹಾಕಿದವರು, ಅಂಕೋಲೆಯ ತನಕ ಬಂದು ಊಟ ಮಾಡಿ ಹೋದವರು, ಎಲ್ಲರಿಗೂ ಕೈಮುಗಿದೆ. ಒಬ್ಬೊಬ್ಬರಿಗೇ ಉತ್ತರ ಬರೆಯೋಕೆ ಕೂತರೆ ಅರವತ್ತೊಂದು ಬಂದುಬಿಡುತ್ತದೆ. ಅದಕ್ಕೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

"ನೇವಿಯಲ್ಲಿ ವಿಮಾನ ಹಾರಿಸ್ತಿದ್ರಾ?" ಅಂತ ಕೆಲವರು ಕೇಳಿದರು. ಇಲ್ಲಪ್ಪ. ನಾನು ವಿಮಾನ ಹೊತ್ತೊಯ್ಯುವ ಯುದ್ಧನೌಕೆ ಐಎನ್‌ಎಸ್ ವಿರಾಟ್‌ನ ಡೆಕ್ ಮೇಲೆ, ಅಂದರೆ ವಿಮಾನ ಏರಿಳಿಯುವ ಮೇಲ್ಗಟ್ಟೆಯ ಮೇಲೆ, ವಿಮಾನ ತಳ್ಳುತ್ತಿದ್ದವನು, ಚೈನ್ ಹಾಕಿ ಬಿಗಿಯುತ್ತಿದ್ದವನು. ಹಾರಾಟಕ್ಕೆ ಮುಂಚೆ ನಾವೆಲ್ಲ ಸಾಲಾಗಿ, ತಲೆ ತಗ್ಗಿಸಿ, ಈ ತುದಿಯಿಂದ ಆ ತುದಿಗೆ ನಡೆಯಬೇಕು. ಒಂದು ವಾಷರ್, ಒಂದು ತಂತಿ ಚೂರು ಕಂಡರೂ ಎತ್ತಿ ಜೇಬಿಗೆ. ನಮ್ಮ ಯುದ್ಧವಿಮಾನ ಸೀ ಹ್ಯಾರಿಯರ್‌ನ ಎಂಜಿನ್ ಅದನ್ನು ಎಳೆದುಕೊಂಡರೆ ಮುಗೀತು ಕಥೆ. ಇಳಿಯುವಾಗ ಆ ವಿಮಾನ ಹಡಗಿನ ಎಡಕ್ಕೆ ಬಂದು ಗಾಳಿಯಲ್ಲೇ ನಿಲ್ಲುತ್ತಿತ್ತು. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿದು ಕೂರುತ್ತಿತ್ತು. ಆ ಸದ್ದಿಗೆ ಎದೆಯ ಎಲುಬೆಲ್ಲ ನಡುಗುತ್ತಿತ್ತು. ಅಲ್ಲಿ ಕೈಸನ್ನೆ ಕಲಿಸಿದ, ತಪ್ಪು ಕಡೆ ನಿಂತರೆ ಕಾಲರ್ ಹಿಡಿದು ಎಳೆದ ಹಿರಿಯರ ಋಣ ದೊಡ್ಡದು.

ನನ್ನ ಕಾಲದಲ್ಲಿ ವಿರಾಟ್‌ಗೆ ಅರುಣ್ ಪ್ರಕಾಶ್ ಸಾಹೇಬರು ಕ್ಯಾಪ್ಟನ್ ಆಗಿದ್ದರು. ನನ್ನ ಹೆಸರು ಅವರಿಗೆ ಗೊತ್ತಿರಲಿಕ್ಕಿಲ್ಲ. ನೇವಿಯ ಪೈಲಟ್ ಆದರೂ 1971ರ ಯುದ್ಧದಲ್ಲಿ ವಾಯುಪಡೆಯ ಹಂಟರ್ ಯುದ್ಧವಿಮಾನ ಹಾರಿಸಿ ವೀರಚಕ್ರ ಪಡೆದವರು. 1983ರ ಡಿಸೆಂಬರ್‌ನಲ್ಲಿ ಮೊದಲ ಮೂರು ಸೀ ಹ್ಯಾರಿಯರ್‌ಗಳನ್ನು ಇಂಗ್ಲೆಂಡಿನಿಂದ ಗೋವಾಕ್ಕೆ ಹಾರಿಸಿಕೊಂಡು ಬಂದ ತಂಡದ ಮುಂದಾಳು. ಆಕಾಶದಿಂದ ಡೆಕ್ ಎಷ್ಟು ಸಣ್ಣದಾಗಿ ಕಾಣುತ್ತದೆ ಅಂತ ಸ್ವತಃ ಗೊತ್ತಿದ್ದ ಕ್ಯಾಪ್ಟನ್ ಹಡಗು ನಡೆಸುವ ಬ್ರಿಡ್ಜ್ ಮೇಲಿದ್ದರೆ ಕೆಳಗಿದ್ದ ನಮಗೆ ಅದೇ ಒಂದು ಧೈರ್ಯ. ನಾನು ಹೇಳಬೇಕಾದ್ದು ಇಷ್ಟೇ, ಆ ಧೈರ್ಯಕ್ಕೆ ಥ್ಯಾಂಕ್ಸ್ ಸಾರ್.

2004ರಲ್ಲಿ ಅವರು ನೌಕಾಪಡೆಯ ಮುಖ್ಯಸ್ಥರಾದರು. ಐದೇ ತಿಂಗಳಲ್ಲಿ ಸುನಾಮಿ. ಡಿಸೆಂಬರ್ 26ರಂದೇ ನೌಕಾಪಡೆ ನೆರವಿಗೆ ಹೊರಟಿತು, ಶ್ರೀಲಂಕಾ, ಮಾಲ್ಡೀವ್ಸ್‌ಗೂ ಹೋಯಿತು. ಅಂಡಮಾನ್ ನಿಕೋಬಾರ್ ಕಮಾಂಡಿನ ಮೊದಲ ಮುಖ್ಯಸ್ಥರಾಗಿದ್ದವರು, ಆ ದ್ವೀಪಗಳ ನಾಡಿ ಅವರಿಗೆ ಗೊತ್ತಿತ್ತು. 2005ರ ಮೇನಲ್ಲಿ ನಮ್ಮ ಕಾರವಾರದ ನೌಕಾನೆಲೆ ಐಎನ್‌ಎಸ್ ಕದಂಬ ಶುರುವಾಗಿದ್ದೂ ಅವರ ಅವಧಿಯಲ್ಲೇ. ಆ ನೆಲೆಗಾಗಿ ಮನೆ ಗದ್ದೆ ಬಿಟ್ಟವರೂ ನಮ್ಮವರೇ, ಅವರನ್ನೂ ಇಲ್ಲಿ ನೆನೆಯದಿದ್ದರೆ ಸರಿಯಾಗಲ್ಲ.

ಇನ್ನು ಹೆಂಡತಿ. ನಾನು ಸಮುದ್ರದಲ್ಲಿದ್ದಾಗ ಮಕ್ಕಳ ಜ್ವರ, ಪರೀಕ್ಷೆ, ಸೋರುವ ಮಾಡು ಎಲ್ಲ ಅವಳೊಬ್ಬಳೇ ನೋಡಿಕೊಂಡಳು. ಅವಳಿಗೆ ವೀರಚಕ್ರ ಯಾರೂ ಕೊಡಲಿಲ್ಲ ಬಿಡಿ.

ಅಂದಹಾಗೆ ಊಟದ ದಿನ ಯಾರೋ ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ಬಿಟ್ಟು ಹೋಗಿದ್ದೀರಿ. ತೊಳೆದಿಟ್ಟಿದ್ದೇವೆ, ಬಂದು ತಗೊಂಡು ಹೋಗಿ.