ನರ್ಸಿಂಗ್ ಪರೀಕ್ಷೆಯಲ್ಲಿ ಕೈಕೆಲಸವನ್ನೂ ನೋಡಿ

ಮಾನ್ಯ ಸಂಪಾದಕರೇ,

ಕಲಬುರಗಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿಯಾಗಿ ದುಡಿದು ನಿವೃತ್ತಳಾದವಳು ನಾನು. ವಾರ್ಡ್‌ಗೆ ತರಬೇತಿಗಾಗಿ ಬರುವ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಬಿ.ಎಸ್ಸಿ. ನರ್ಸಿಂಗ್ ಮಕ್ಕಳ ಪ್ರಾಯೋಗಿಕ ಪರೀಕ್ಷೆಗಳನ್ನು ಹತ್ತಿರದಿಂದ ಕಂಡಿದ್ದೇನೆ. ಒಬ್ಬ ರೋಗಿಯನ್ನು ವಹಿಸಿ, ಕೇಸ್ ಶೀಟ್ ಬರೆಸಿ, ಜೋಡಿಸಿಟ್ಟ ಟ್ರೇಯ ಮೇಲೆ ಕಣ್ಣಾಡಿಸಿದ ಪರೀಕ್ಷಕರು ಉಳಿದ ಹೊತ್ತನ್ನು ಮೌಖಿಕ ಪ್ರಶ್ನೆಗಳಲ್ಲಿಯೇ ಕಳೆಯುವುದು ಹೆಚ್ಚು. ಸೂಜಿ ಚುಚ್ಚುವ ಕೈಯನ್ನು ಮೊದಲಿನಿಂದ ಕೊನೆಯವರೆಗೆ ನೋಡುವವರು ಅಪರೂಪ.

ತರಬೇತಿ ಮುಗಿಯುವ ದಿನ, ಮಕ್ಕಳು ಮಾಡಿದ ಕೆಲಸಗಳನ್ನು ದಾಖಲಿಸುವ ಲಾಗ್ ಪುಸ್ತಕಗಳ ಕಟ್ಟು ನನ್ನ ಮೇಜಿಗೆ ಬರುತ್ತಿತ್ತು. ಕ್ಯಾಥೆಟರ್, ಮೂಗಿನ ನಳಿಕೆ, ಡ್ರೆಸಿಂಗ್, ಎಲ್ಲಕ್ಕೂ ಒಂದೇ ದಿನ ಸಹಿ ಬೇಕು! ಕಣ್ಣಾರೆ ನೋಡದ ಕೆಲಸಕ್ಕೆ ನಾನು ಸಹಿ ಹಾಕಲಿಲ್ಲ. ಅದಕ್ಕಾಗಿ ಕೆಲವರ ನಿಷ್ಠುರವನ್ನೂ ಕಟ್ಟಿಕೊಂಡೆ.

ನಮ್ಮ ಭಾಗದ ಬೇಸಿಗೆಯಲ್ಲಿ ವಾರ್ಡ್ ತುಂಬ ಡ್ರಿಪ್ ಬಾಟಲಿಗಳು ತೂಗುತ್ತಿರುತ್ತವೆ. 500 ಮಿ.ಲೀ. ದ್ರಾವಣ ನಾಲ್ಕು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ನಳಿಕೆಯ ಸೆಟ್‌ನಲ್ಲಿ ಒಂದು ಮಿ.ಲೀ.ಗೆ 20 ಹನಿ ಎಂದರೆ ನಿಮಿಷಕ್ಕೆ ಸುಮಾರು 42 ಹನಿ. ಕಾಗದದ ಮೇಲೆ ಈ ಲೆಕ್ಕವನ್ನು ಬಹುತೇಕ ಎಲ್ಲರೂ ಮಾಡುತ್ತಾರೆ. ಆದರೆ ಗಡಿಯಾರ ನೋಡಿ ಹನಿ ಎಣಿಸುತ್ತಾ ವೇಗವನ್ನು ಹೊಂದಿಸಲು, ರೋಗಿ ಕೈ ಮಡಚಿದಾಗ ಹನಿ ನಿಂತಿತೇ ಎಂದು ಮತ್ತೆ ಬಂದು ನೋಡಲು ಕೈಗೂ ಕಣ್ಣಿಗೂ ರೂಢಿ ಬೇಕು. ಹೃದಯ ದುರ್ಬಲವಾದ ವೃದ್ಧರಿಗೆ ಅದೇ ಬಾಟಲಿ ಸರಸರನೆ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಜೀವಕ್ಕೇ ಕುತ್ತು. ಈ ರೂಢಿಗೆ ಅಂಕವೇ ಇಲ್ಲದಿದ್ದರೆ ಮಕ್ಕಳು ಅದನ್ನೇಕೆ ಕಲಿಯುತ್ತಾರೆ?

ದಾರಿ ಗೊತ್ತಿಲ್ಲವೆಂದಲ್ಲ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ವೈದ್ಯ ವಿದ್ಯಾರ್ಥಿಗಳಿಗಾಗಿ ರೂಪಿಸಿ 1975ರಲ್ಲಿ ಪ್ರಕಟಿಸಿದ ಓಎಸ್‌ಸಿಇ, ಅಂದರೆ ಮೇಜಿನಿಂದ ಮೇಜಿಗೆ ಹೋಗಿ ಕೆಲಸ ಮಾಡಿ ತೋರಿಸುವ ಪರೀಕ್ಷಾ ಪದ್ಧತಿ ಇದೆ. ಒಂದು ಮೇಜಿನಲ್ಲಿ ಇಂಜೆಕ್ಷನ್, ಇನ್ನೊಂದರಲ್ಲಿ ರಕ್ತದೊತ್ತಡ, ಮತ್ತೊಂದರಲ್ಲಿ ರೋಗಿಯೊಂದಿಗೆ ಮಾತು. ಪ್ರತಿಯೊಂದಕ್ಕೂ ನಿಗದಿತ ಸಮಯ, ಎಲ್ಲರಿಗೂ ನೋಡಬೇಕಾದ ಅಂಶಗಳ ಒಂದೇ ಪಟ್ಟಿ. ಕೈ ತೊಳೆದಳೇ, ರೋಗಿಯ ಹೆಸರು ಕೇಳಿ ಚೀಟಿಯೊಂದಿಗೆ ತಾಳೆ ನೋಡಿದಳೇ, ರಕ್ತದೊತ್ತಡ ನೋಡಲು ತೋಳಿಗೆ ಸರಿಹೊಂದುವ ಕಫ್ ಅನ್ನೇ ಕಟ್ಟಿದಳೇ ಎಂದು ಪರೀಕ್ಷಕರು ನೋಡುತ್ತಲೇ ಗುರುತು ಹಾಕುತ್ತಾರೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಪರಿಷ್ಕೃತ ಬಿ.ಎಸ್ಸಿ. ಪಠ್ಯಕ್ರಮದಲ್ಲಿಯೂ ಇದಕ್ಕೆ ಸ್ಥಾನವಿದೆ. ಅದನ್ನು ಮನಸ್ಸಿಟ್ಟು ನಡೆಸಬೇಕಷ್ಟೇ.

ಇದರಿಂದ ಹೆಚ್ಚು ನ್ಯಾಯ ಸಿಗುವುದು ಆಳಂದ, ಚಿಂಚೋಳಿ, ಜೇವರ್ಗಿಯ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ. ಗಾಯಕ್ಕೆ ಒಂದಿಷ್ಟೂ ಸೋಂಕು ತಾಗದಂತೆ ಡ್ರೆಸಿಂಗ್ ಮಾಡುತ್ತಿದ್ದ ಹುಡುಗಿಯೊಬ್ಬಳು ಇಂಗ್ಲಿಷ್ ಪ್ರಶ್ನೆಗಳ ಮುಂದೆ ತಲೆ ತಗ್ಗಿಸಿ ನಿಂತದ್ದನ್ನು ನೋಡಿ ನನಗೆ ಸಂಕಟವಾಗಿತ್ತು. ಅವಳ ಕೆಲಸವನ್ನು ನೋಡಿದ್ದರೆ ಯಾರೂ ಕಡಿಮೆ ಅಂಕ ಕೊಡುತ್ತಿರಲಿಲ್ಲ.

ಹಾಗೆಂದು ರೋಗಿಯ ಬದಲು ತರಬೇತಿ ಗೊಂಬೆಯ ಮೇಲೆ ನಡೆಸುವ ಪರೀಕ್ಷೆಯೊಂದೇ ಸಾಲದು. ಗೊಂಬೆ ನೋವಿನಿಂದ ಕೈ ಎಳೆದುಕೊಳ್ಳುವುದಿಲ್ಲ, ಹೆದರುವುದಿಲ್ಲ. ನಮ್ಮಲ್ಲಿ ಕನ್ನಡದ ಜೊತೆಗೆ ಉರ್ದು, ತೆಲುಗು, ಮರಾಠಿ ಮಾತನಾಡುವ ರೋಗಿಗಳೂ ಬರುತ್ತಾರೆ. ಅವರಿಗೆ ಅರ್ಥವಾಗುವಂತೆ ಹೇಳಿ ಒಪ್ಪಿಗೆ ಪಡೆಯುವುದೂ ಈ ಕೆಲಸದ ಭಾಗವೇ. ಆದ್ದರಿಂದ ವಾರ್ಡ್‌ನಲ್ಲಿ ನಿತ್ಯ ನೋಡುವ ಹಿರಿಯ ಶುಶ್ರೂಷಾಧಿಕಾರಿಯ ಮೌಲ್ಯಮಾಪನಕ್ಕೂ ತೂಕವಿರಲಿ.

ಪರೀಕ್ಷಾ ಮಂಡಳಿ ಮತ್ತು ಕಾಲೇಜುಗಳಲ್ಲಿ ನನ್ನ ವಿನಂತಿ ಇಷ್ಟು: ರೋಗಿಯ ಗುರುತು, ಕೈ ಶುಚಿ, ಔಷಧದ ಪ್ರಮಾಣ ಈ ಮೂರರಲ್ಲಿ ತಪ್ಪಿದವರನ್ನು ಬೇರೆ ಅಂಕಗಳ ಬಲದಿಂದ ಪಾಸು ಮಾಡಬೇಡಿ. ತಪ್ಪಿದ್ದು ಯಾವ ಹಂತದಲ್ಲಿ ಎಂಬುದನ್ನು ಅದೇ ದಿನ ವಿದ್ಯಾರ್ಥಿಗೆ ತೋರಿಸಿ, ಕಲಿಸಿ, ಮತ್ತೊಮ್ಮೆ ಪರೀಕ್ಷಿಸಿ.

– ನಿವೃತ್ತ ಶುಶ್ರೂಷಾಧಿಕಾರಿ, ಸೇಡಂ